ಯುಎಕ್ಸ್‌ಗೆ ಹೊರಟ ಮಾಷ್ಟ್ರು ಬಿಟ್ಟುಹೋಗುವ ಗಂಟು

ಶಾಲೆ ಬಿಟ್ಟು ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯನ್ಸ್) ಡಿಸೈನಿಗೆ ಹೋದ ಶಿಕ್ಷಕರ ಬಗ್ಗೆ ಈಗ ಎಲ್ಲ ಕಡೆ ಒಂದೇ ಮಾತು ಓಡಾಡುತ್ತಿದೆ. ಮಕ್ಕಳ ಮನಸ್ಸು ಬಲ್ಲವರಿಗೆ ಬಳಕೆದಾರರ ಮನಸ್ಸು ತಿಳಿಯುವುದು ಏನು ಮಹಾ; ಪಾಠಯೋಜನೆ ಬರೆದ ಕೈಗೆ ಯೂಸರ್ ಜರ್ನಿ ಬರೆಯುವುದು ಸಲೀಸು; ನಲವತ್ತು ಮಕ್ಕಳನ್ನು ಹಿಡಿದು ಕೂರಿಸಿದವರಿಗೆ ಹತ್ತು ಜನರ ಮೀಟಿಂಗ್ ಯಾವ ಲೆಕ್ಕ. ಕೆಲವು ತಿಂಗಳ ಕೋರ್ಸು ಮುಗಿಸಿ, ಫಿಗ್ಮಾ ತಂತ್ರಾಂಶದಲ್ಲಿ ಕೈ ಪಳಗಿಸಿಕೊಂಡರೆ ಸಾಕು, ಉಳಿದದ್ದೆಲ್ಲ ಶಿಕ್ಷಕರಲ್ಲಿ ಮೊದಲೇ ಇದೆ, ಅದರ ಹೆಸರು ಎಂಪಥಿ, ಅಂದರೆ ಅನುಭೂತಿ. ತರಬೇತಿ ಮಾರುವವರು ಹೀಗೆ ಹೇಳುತ್ತಾರೆ, ವೃತ್ತಿ ಬದಲಿಸಿದವರೂ ಹೀಗೇ ಹೇಳಿಕೊಳ್ಳುತ್ತಾರೆ, ಕೆಲಸ ಕೊಡುವವರು ತಲೆಯಾಡಿಸುತ್ತಾರೆ.

ನಾನು ಒಪ್ಪುವುದಿಲ್ಲ. ಶಿಕ್ಷಕರು ಈ ಕಡೆ ಬರಬಾರದೆಂದಲ್ಲ. ಸುಬ್ರಹ್ಮಣ್ಯದ ಆಸುಪಾಸಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ನಾನು ಬಂದದ್ದೂ ಇದೇ ದಾರಿಯಲ್ಲಿ. ಈ ಕಥೆ ಶಿಕ್ಷಕರಲ್ಲಿ ಇದೆಯೋ ಇಲ್ಲವೋ ಎಂದು ಹೇಳಲಾಗದ ಗುಣವೊಂದನ್ನು ಅವರ ತಲೆಗೆ ಕಟ್ಟಿ, ನಿಶ್ಚಯವಾಗಿಯೂ ಇರುವ ವಿದ್ಯೆಯನ್ನು ಕಾಣದಂತೆ ಮಾಡುತ್ತದೆ ಎಂಬುದು ನನ್ನ ತಕರಾರು. ಆ ವಿದ್ಯೆ ಶಾಲೆಯ ಕಪಾಟಿನಲ್ಲೇ ಉಳಿಯುತ್ತದೆ. ಹೊಸ ಮೇಜಿಗೆ ಬಂದು ಕೂರುವುದು ಶಿಕ್ಷಕರ ಒಳ್ಳೆಯತನ ಮಾತ್ರ. ಒಳ್ಳೆಯತನದಿಂದ ಒಂದು ಫಾರಂ ಕೂಡ ಸರಿಯಾಗುವುದಿಲ್ಲ.

ಮೊದಲು ಎಂಪಥಿಯ ಮಾತು. ಪಾಠ ಮಾಡುವ ವೃತ್ತಿ ತಾನಾಗಿ ಅನುಭೂತಿ ಬೆಳೆಸುತ್ತದೆ ಎನ್ನುವವರು ತಾವು ಕಲಿತ ಶಾಲೆಯನ್ನೊಮ್ಮೆ ನೆನೆಯಲಿ. ಬೆತ್ತ, ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷೆ, ‘ಇವನ ತಲೆಗೆ ಹತ್ತುವುದಿಲ್ಲ’ ಎಂಬ ತೀರ್ಪು ಎಲ್ಲವೂ ಈ ವೃತ್ತಿಯ ಒಳಗೇ ಬೆಳೆದವು. ತರಗತಿಯೆಂದರೆ ಎದ್ದು ಹೋಗಲಾಗದವರ ಸಭೆ. ಪಾಠ ಎಷ್ಟೇ ಕೆಟ್ಟರೂ ಗಂಟೆ ಹೊಡೆಯುವವರೆಗೆ ಮಗು ಅಲ್ಲೇ ಕುಳಿತಿರುತ್ತದೆ. ಆ್ಯಪ್ ಕೆಟ್ಟದಾಗಿದ್ದರೆ ಜನ ಮರುಕ್ಷಣ ಕಿತ್ತುಹಾಕುತ್ತಾರೆ. ಎದ್ದು ಹೋಗುವ ಹಕ್ಕಿಲ್ಲದವರ ಎದುರು ವರ್ಷಗಟ್ಟಲೆ ನಿಂತವರಲ್ಲಿ ಅನುಭೂತಿ ಹುಟ್ಟಲೂಬಹುದು. ಅದಕ್ಕಿಂತ ಸುಲಭವಾಗಿ ಹುಟ್ಟುವುದು ಅಧಿಕಾರದ ಅಭ್ಯಾಸ.

ಆ ಅಭ್ಯಾಸ ಎಲ್ಲಿ ಕಾಣುತ್ತದೆ ಎಂದರೆ, ಜನ ಆ್ಯಪನ್ನು ಹೇಗೆ ಬಳಸುತ್ತಾರೆಂದು ಕುಳಿತು ನೋಡುವ ಯೂಸಬಿಲಿಟಿ ಟೆಸ್ಟಿನ ಕೋಣೆಯಲ್ಲಿ. ‘ಅರ್ಥ ಆಯ್ತಾ?’ ಎಂದು ಮಾಷ್ಟ್ರು ಕೇಳುತ್ತಾರೆ, ‘ಆಯ್ತು ಸಾರ್’ ಎಂದು ಇಡೀ ತರಗತಿ ರಾಗವಾಗಿ ಹೇಳುತ್ತದೆ, ಪಾಠ ಮುಂದೆ ಹೋಗುತ್ತದೆ. ಆ ಉತ್ತರದಲ್ಲಿ ಮಾಹಿತಿ ಎಂಬುದೇ ಇಲ್ಲ. ಇದೇ ರೂಢಿ ಟೆಸ್ಟಿಗೂ ಬರುತ್ತದೆ. ಎದುರಿಗೆ ಕುಳಿತ ಹೆಂಗಸಿನ ಬೆರಳು ಫೋನಿನ ಮೇಲೆ ಅರ್ಧ ಇಂಚು ಎತ್ತರದಲ್ಲಿ ನಿಂತಿದೆ. ಒಮ್ಮೆ ಕೆಳಗಿನ ಬಟನ್ ಕಡೆ ಬಾಗುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಮೇಲಿನ ಮೂರು ಗೆರೆಗಳ ಕಡೆ ಹೋಗುತ್ತದೆ. ಆ ಹದಿನೈದು ಸೆಕೆಂಡು ಬಂಗಾರದಂಥದ್ದು. ಬಾಯಿ ಬಿಗಿಹಿಡಿದು ನೋಡಬೇಕು. ಹಳೆಯ ಮಾಷ್ಟ್ರಿಗೆ ಅದು ತಡೆಯುವುದಿಲ್ಲ: ‘ಬಲಗಡೆ ನೋಡಿ ಅಮ್ಮಾ, ಅಲ್ಲೇ ಉಂಟಲ್ಲ.’ ಹೆಂಗಸಿಗೆ ದಾರಿ ಸಿಕ್ಕಿತು, ಟೆಸ್ಟು ಕೆಟ್ಟಿತು. ಸಹಾಯ ಮಾಡುವ ತವಕವನ್ನೇ ಅನುಭೂತಿ ಎಂದು ಹೊಗಳಿದ್ದರ ಫಲ ಇದು. ಶಿಕ್ಷಕರಾಗಿದ್ದವರು ಈ ಕೆಲಸದಲ್ಲಿ ಮೊದಲು ಮರೆಯಬೇಕಾದ ಪಾಠ ಇದೇ. ವೃತ್ತಿ ಬದಲಾವಣೆಯ ಕಥೆಗಳಲ್ಲಿ ಮರೆಯಬೇಕಾದುದರ ಪ್ರಸ್ತಾಪವೇ ಬರುವುದಿಲ್ಲ. ಎಲ್ಲವೂ ಹಾಗೆಹಾಗೇ ದಾಟಿಸಬಹುದಾದ ಕೌಶಲಗಳು.

ಹಾಗಾದರೆ ಶಿಕ್ಷಕರು ತರುವುದೇನು? ಒಂದು ಲೆಕ್ಕ ತೆಗೆದುಕೊಳ್ಳೋಣ. 503ರಿಂದ 167 ಕಳೆಯಬೇಕು. ಸರಿ ಉತ್ತರ 336. ಒಬ್ಬಳು 464 ಎಂದು ಬರೆದಿದ್ದಾಳೆ, ಪಕ್ಕದವನು 436 ಎಂದು ಬರೆದಿದ್ದಾನೆ. ಎರಡಕ್ಕೂ ಒಂದೇ ಕೆಂಪು ಗೆರೆ, ಎರಡಕ್ಕೂ ಸೊನ್ನೆ. ಆದರೆ ಇಬ್ಬರ ತೊಡಕು ಬೇರೆಬೇರೆ. ಹುಡುಗಿ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾಳೆ: 7ರಿಂದ 3, 6ರಿಂದ 0, 5ರಿಂದ 1. ಮೇಲಿನ ಸಾಲು ಯಾವುದು, ಕೆಳಗಿನದು ಯಾವುದು ಎಂಬುದು ಅವಳ ಲೆಕ್ಕದಲ್ಲಿಲ್ಲ. ಹುಡುಗನಿಗೆ ದಶಕ ತೆಗೆದುಕೊಳ್ಳುವುದು ಗೊತ್ತು. ನಡುವೆ ಸೊನ್ನೆ ಬಂದಾಗ ಅದನ್ನು 9 ಮಾಡಿದ್ದಾನೆ, ಆದರೆ ಎಡಗಡೆಯ 5ನ್ನು 4 ಮಾಡುವುದನ್ನು ಬಿಟ್ಟಿದ್ದಾನೆ. ಇಬ್ಬರಿಗೂ ‘ಇನ್ನೂ ಹತ್ತು ಲೆಕ್ಕ ಮಾಡಿಕೊಂಡು ಬಾ’ ಎಂದರೆ ಇಬ್ಬರೂ ತಮ್ಮ ತಪ್ಪನ್ನೇ ಹತ್ತು ಸಲ ಗಟ್ಟಿ ಮಾಡಿಕೊಂಡು ಬರುತ್ತಾರೆ. ತಪ್ಪು ಉತ್ತರ ಅಂದಾಜಿನ ಮಾತಲ್ಲ, ಅದರ ಹಿಂದೆ ಒಂದು ನಿಯಮವಿದೆ, ಮಗು ಆ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದೆ. ಅದನ್ನು ಹುಡುಕಿ ತೆಗೆಯುವುದೇ ಪಾಠ ಮಾಡುವವರ ವಿದ್ಯೆ. ವರ್ಷಕ್ಕೆ ಸಾವಿರಾರು ಉತ್ತರಪತ್ರಿಕೆ ನೋಡಿದವರಿಗೆ, ನೋಡುವ ಮನಸ್ಸಿದ್ದರೆ, ಇದು ದಕ್ಕುತ್ತದೆ. ಮನಸ್ಸಿಲ್ಲದವರಿಗೆ ನಿವೃತ್ತಿಯವರೆಗೂ ದಕ್ಕುವುದಿಲ್ಲ. ಎಲ್ಲ ಶಿಕ್ಷಕರೂ ಹುಟ್ಟು ಡಿಸೈನರುಗಳು ಎಂಬ ಮಾತು ಇಲ್ಲಿಯೇ ಮುರಿದುಬೀಳುತ್ತದೆ.

ಇದು ನನ್ನ ಹೊಸ ಶೋಧವೇನಲ್ಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಇದೇ ಕಳೆಯುವ ಲೆಕ್ಕದ ತಪ್ಪುಗಳ ಮೇಲೆ ಪ್ರಬಂಧ ಬರೆದರು. ಅವರು ಕಟ್ಟಿದ ‘ಬಗ್ಗಿ’ ಎಂಬ ಪ್ರೋಗ್ರಾಂನಲ್ಲಿ ಕಂಪ್ಯೂಟರು ತಪ್ಪು ಮಾಡುವ ಮಗುವಿನ ಪಾತ್ರ ವಹಿಸುತ್ತದೆ. ಎದುರಿಗೆ ಕುಳಿತ ಶಿಕ್ಷಕರು ಲೆಕ್ಕ ಕೊಡುತ್ತ ಕೊಡುತ್ತ ಅದರ ತಲೆಯೊಳಗಿನ ತಪ್ಪು ನಿಯಮ ಯಾವುದೆಂದು ಕಂಡುಹಿಡಿಯಬೇಕು. ಅದೇ ಬ್ರೌನ್ ಮುಂದೆ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಮುಖ್ಯಸ್ಥರಾದರು. ಇಂದು ನಾವು ಬಳಸುವ ಕಿಟಕಿ, ಮೌಸು, ಮೆನುಗಳ ಲೋಕ ರೂಪು ಪಡೆದ ಜಾಗಗಳಲ್ಲಿ ಅದು ಮುಖ್ಯವಾದದ್ದು. ಅಲ್ಲಿ 1970ರ ದಶಕದಲ್ಲಿ ಅಲನ್ ಕೇ ಮತ್ತು ಅಡೆಲ್ ಗೋಲ್ಡ್‌ಬರ್ಗ್ ಸ್ಮಾಲ್‌ಟಾಕ್ ಭಾಷೆಯನ್ನು ಶಾಲಾಮಕ್ಕಳ ಕೈಗೆ ಕೊಟ್ಟು ಎಲ್ಲಿ ಎಡವುತ್ತಾರೆಂದು ನೋಡುತ್ತಿದ್ದರು. ಕೇ ಅವರನ್ನು ಆ ದಾರಿಗೆ ಹಚ್ಚಿದವರು ಪೇಪರ್ಟ್ ಮತ್ತು ಬ್ರೂನರ್, ಇಬ್ಬರೂ ಮಕ್ಕಳ ಕಲಿಕೆಯನ್ನೇ ಧ್ಯಾನಿಸಿದವರು. ಯೂಸರ್ ಎಕ್ಸ್‌ಪೀರಿಯನ್ಸ್ ಎಂಬ ಮಾತನ್ನು 1990ರ ದಶಕದಲ್ಲಿ ಆ್ಯಪಲ್ ಕಂಪನಿಯೊಳಗೆ ತನ್ನ ಹುದ್ದೆಯ ಹೆಸರಿಗೇ ಸೇರಿಸಿಕೊಂಡ ಡೊನಾಲ್ಡ್ ನಾರ್ಮನ್, ಅದಕ್ಕೂ ಮೊದಲು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಲಿಸುತ್ತ ಮನುಷ್ಯರ ತಪ್ಪುಗಳನ್ನು ವರ್ಗೀಕರಿಸುತ್ತಿದ್ದವರು. ಶಿಕ್ಷಕರು ಪರದೇಶಕ್ಕೆ ವಲಸೆ ಹೋಗುತ್ತಿದ್ದಾರೆ ಎಂಬ ಚಿತ್ರವೇ ಚರಿತ್ರೆಗೆ ಹೊಂದುವುದಿಲ್ಲ. ಈ ವಿದ್ಯೆಯ ಒಂದು ತವರು ತರಗತಿ.

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅದಕ್ಕೆ ಗುರುತೂ ಇದೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಕನ್ನಡವನ್ನು ಇಂಗ್ಲಿಷ್ ಕೀಲಿಮಣೆಯ ಮೇಲೆ ಉಚ್ಚಾರಣೆಯ ಕ್ರಮದಲ್ಲಿ ಬರೆಯುವ ವಿನ್ಯಾಸ ರೂಪಿಸಿದರು. ಮುಂದೆ ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೆ ಹರಡಿದ್ದು ಅದೇ. ತಾವು ಮಾಡಿದ ತಂತ್ರಾಂಶಕ್ಕೆ ಅವರಿಟ್ಟ ಹೆಸರು ಸೇಡಿಯಾಪು. ಸೇಡಿಯಾಪು ಕೃಷ್ಣ ಭಟ್ಟರು ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ಕನ್ನಡ ಪಂಡಿತರಾಗಿದ್ದವರು, ಛಂದಸ್ಸು ವ್ಯಾಕರಣಗಳ ಆಳಕ್ಕಿಳಿದವರು. ಕನ್ನಡದ ಬಹು ದೊಡ್ಡ ಇಂಟರ್‌ಫೇಸ್ ಕೆಲಸವೊಂದು ಒಬ್ಬ ಮಾಷ್ಟ್ರ ಹೆಸರು ಹೊತ್ತುಕೊಂಡಿತ್ತು ಎಂಬುದನ್ನು ನಾನು ಕಾಕತಾಳೀಯ ಎಂದು ತಳ್ಳಿಹಾಕಲಾರೆ. ಅಕ್ಷರ ಬಾಯಲ್ಲಿ ಹುಟ್ಟುವ ಕ್ರಮ ತಿಳಿದವರಷ್ಟೇ ಅದು ಬೆರಳಲ್ಲಿ ಹುಟ್ಟುವ ಕ್ರಮವನ್ನು ಜೋಡಿಸಬಲ್ಲರು.

ಆದರೆ ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಈ ಪ್ರಯೋಗವನ್ನು ಕಟ್ಟಿದವರು ಸರಕಾರಿ ಶಾಲೆಯ ಶಿಕ್ಷಕರು. ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿ ಹಳ್ಳಿ ಶಾಲೆಗಳಿಗಾಗಿ ಮಾಡಿದ್ದ ಕಾರ್ಡುಗಳ ಪದ್ಧತಿ ನೋಡಿ ಬಂದು, ತಮ್ಮ ಮಕ್ಕಳಿಗೆ ಬೇಕಾದಂತೆ ತಾವೇ ಕಾರ್ಡು ಬರೆದರು. ಇದನ್ನು ಶಿಕ್ಷಣ ಸುಧಾರಣೆ ಎಂದು ಹೊಗಳಿದವರಿದ್ದಾರೆ, ಅಕ್ಷರ ಕಲಿಸದ ಆಟ ಎಂದು ಬೈದ ಪೋಷಕರೂ ಇದ್ದಾರೆ. ಇದನ್ನು ಡಿಸೈನ್ ಎಂದು ಓದಿದವರು ಕಡಿಮೆ.

ಗೋಡೆಯ ಮೇಲೆ ಕಲಿಕಾ ಏಣಿ. ಏಣಿಯ ಪ್ರತಿ ಮೆಟ್ಟಿಲಿಗೆ ಒಂದು ಚಿತ್ರ, ಅದೇ ಚಿತ್ರ ಕಾರ್ಡಿನ ಮೇಲೆ. ಓದಲು ಬಾರದ ಆರು ವರ್ಷದ ಮಗು ಏಣಿ ನೋಡಿ, ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಗುರುತಿಸಿ, ಮುಂದಿನ ಚಿತ್ರದ ಕಾರ್ಡನ್ನು ತಾನೇ ಹೋಗಿ ತೆಗೆದುಕೊಂಡು ಬರುತ್ತದೆ. ಅಕ್ಷರ ಕಲಿಸುವ ವ್ಯವಸ್ಥೆಯಲ್ಲಿ ದಾರಿ ಹುಡುಕಲು ಅಕ್ಷರವೇ ಬೇಕಿಲ್ಲ! ಓದು ಬಾರದವರಿಗೆ ನ್ಯಾವಿಗೇಶನ್ ಹೇಗಿರಬೇಕು ಎಂದು ಬೆಂಗಳೂರಿನ ಕಂಪನಿಗಳು ಇಂದೂ ತಡಕಾಡುತ್ತಿವೆ. ಕೋಟೆಯ ಮಾಷ್ಟ್ರುಗಳು ಅದನ್ನು ರಟ್ಟು ಕಾಗದದಲ್ಲಿ ಮಾಡಿ ಮುಗಿಸಿದ್ದರು. ಎರಡು ದಿನ ಶಾಲೆಗೆ ಬಾರದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕೂಲಿಗೆ, ಹಬ್ಬಕ್ಕೆ, ಜ್ವರಕ್ಕೆ ಮಕ್ಕಳು ತಪ್ಪಿಸಿಕೊಳ್ಳುವುದು ಮಕ್ಕಳ ದೋಷವೆಂದು ಅವರು ಎಣಿಸಲಿಲ್ಲ, ಬಳಕೆಯ ವಾಸ್ತವ ಎಂದು ಎಣಿಸಿದರು. ಕೈಗೆಟಕುವ ಎತ್ತರದಲ್ಲಿ ಮಕ್ಕಳ ಕಪ್ಪುಹಲಗೆ ಬಂತು. ಪರೀಕ್ಷೆ ಏಣಿಯ ಒಂದು ಮೆಟ್ಟಿಲಾಗಿ ಸೇರಿಹೋಯಿತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ತಟ್ಟೆಗಳು. ಮಕ್ಕಳು ಕೂರುವ ಗುಂಪುಗಳಿಗೆ ಅಲ್ಲಿ ತಟ್ಟೆ ಎನ್ನುತ್ತಾರೆ. ಹೊಸ ವಿಷಯ ಬಂದಾಗ ಮಗು ಶಿಕ್ಷಕರ ಪೂರ್ಣ ಸಹಾಯದ ತಟ್ಟೆಯಲ್ಲಿ ಕೂರುತ್ತದೆ. ಅಲ್ಲಿಂದ ಭಾಗಶಃ ಸಹಾಯಕ್ಕೆ. ಅಲ್ಲಿಂದ ಗೆಳೆಯರ ಸಹಾಯಕ್ಕೆ. ಕೊನೆಗೆ ಸ್ವಕಲಿಕೆಯ ತಟ್ಟೆಗೆ. ಸಹಾಯವನ್ನು ಹೇಗೆ ಕೊಡಬೇಕು ಎಂಬುದಕ್ಕಿಂತ ಹೇಗೆ ಹಿಂತೆಗೆಯಬೇಕು ಎಂಬುದರ ವಿನ್ಯಾಸ ಇದು. ಬ್ರೂನರ್ ಮತ್ತು ಸಂಗಡಿಗರು 1976ರಲ್ಲಿ ಇದನ್ನೇ ಸ್ಕ್ಯಾಫೋಲ್ಡಿಂಗ್ ಎಂದು ಕರೆದಿದ್ದರು. ಇಂದಿನ ಯುಎಕ್ಸ್ ವಿದ್ಯೆಯಲ್ಲಿ ಸಹಾಯ ಕೊಡುವ ಬಗೆಗೆ ನೂರು ಪಾಠಗಳಿವೆ: ಟೂಲ್‌ಟಿಪ್, ಆನ್‌ಬೋರ್ಡಿಂಗ್, ಚಾಟ್‌ಬಾಟ್. ಹಿಂತೆಗೆಯುವ ಪಾಠ ಅಪರೂಪ. ತಾನು ಬೇಡವಾಗುವುದೇ ತನ್ನ ಗೆಲುವು ಎಂದು ತಿಳಿದ ವೃತ್ತಿ ಶಿಕ್ಷಕರದು. ಬಳಕೆದಾರ ಮತ್ತೆಮತ್ತೆ ಬರುತ್ತಿರಬೇಕು, ಹೆಚ್ಚು ಹೊತ್ತು ಇರಬೇಕು ಎಂಬುದು ಮಾರುಕಟ್ಟೆಯ ಲೆಕ್ಕ. ಈ ಎರಡರ ನಡುವಿನ ಜಗಳವನ್ನು ‘ದಾಟಿಸಬಹುದಾದ ಕೌಶಲ’ ಎಂಬ ನಯವಾದ ಮಾತು ಮುಚ್ಚಿಹಾಕುತ್ತದೆ.

ನಲಿ-ಕಲಿಯ ಮುಂದಿನ ಕಥೆಯನ್ನೂ ಹೇಳಬೇಕು, ಹೊಗಳಿ ಸುಮ್ಮನಾಗಬಾರದು. 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಸರಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಅದು ವಿಸ್ತರಿಸಿತು. ಕಾರ್ಡುಗಳು ಮುದ್ರಣವಾಗಿ ಕಟ್ಟುಕಟ್ಟಾಗಿ ಶಾಲೆಗೆ ಬಂದವು. ತಮ್ಮ ಮಕ್ಕಳು ಎಡವಿದ್ದನ್ನು ಕಂಡು ಕಾರ್ಡು ತಿದ್ದುತ್ತಿದ್ದ ಶಿಕ್ಷಕರ ಜಾಗದಲ್ಲಿ, ಬಂದ ಕಾರ್ಡನ್ನು ಹಂಚಿ ಪ್ರಗತಿಯ ದಾಖಲೆ ತುಂಬುವ ಶಿಕ್ಷಕರು ಬಂದರು. ಡಿಸೈನರಾಗಿದ್ದವರು ಬಳಕೆದಾರರಾದರು. ವಿಸ್ತರಣೆ ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ತಿದ್ದುವ ಕೈಯನ್ನೂ ಅದರ ಜೊತೆಗೆ ವಿಸ್ತರಿಸಬೇಕಿತ್ತು. ಶಿಕ್ಷಕರು ಡಿಸೈನಿಗೆ ‘ಹೋಗುವುದು’ ಇಂದು ಸುದ್ದಿಯಾಗಿರುವುದಕ್ಕೆ ಕಾರಣ ಹುಡುಕಿದರೆ, ಶಾಲೆಯೊಳಗಿದ್ದ ಡಿಸೈನನ್ನು ನಾವು ಅವರ ಕೈಯಿಂದ ಕಸಿದುಕೊಂಡದ್ದೂ ಅದರಲ್ಲಿ ಸೇರುತ್ತದೆ.

ಕೊರೊನಾದಿಂದ ಶಾಲೆ ಮುಚ್ಚಿದ್ದ 2021ರ ಜೂನ್ ತಿಂಗಳ ಒಂದು ಫೋಟೊ ಇಲ್ಲಿಯ ಓದುಗರಿಗೆ ನೆನಪಿರುತ್ತದೆ. ಸುಬ್ರಹ್ಮಣ್ಯಕ್ಕೆ ಹತ್ತಿರದ ಗುತ್ತಿಗಾರಿನ ಕಡೆ, ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಹುಡುಗಿಯೊಬ್ಬಳು ಆನ್‌ಲೈನ್ ತರಗತಿ ಕೇಳುತ್ತಿದ್ದಾಳೆ, ತಂದೆ ಮೇಲೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ದೇಶವಿಡೀ ಆ ಚಿತ್ರ ಓಡಾಡಿತು. ತಂದೆಯ ಪ್ರೀತಿಯ ಬಗ್ಗೆ, ಮೊಬೈಲ್ ಟವರಿನ ಬಗ್ಗೆ ಮಾತಾಯಿತು. ಎರಡೂ ಸರಿಯಾದ ಮಾತೇ. ಯಾರೂ ಕೇಳದ ಪ್ರಶ್ನೆ ಬೇರೊಂದಿತ್ತು: ತರಗತಿ ಎಂದರೆ ಎಲ್ಲರೂ ಒಂದೇ ಹೊತ್ತಿಗೆ ನೋಡಬೇಕಾದ ವಿಡಿಯೊ ಎಂದು ಯಾರು ನಿರ್ಧರಿಸಿದರು? ಕಚೇರಿಯ ಮೀಟಿಂಗಿಗೆಂದು ಮಾಡಿದ ತಂತ್ರಾಂಶದ ಆಕಾರವನ್ನು ಪಾಠವೂ ಧರಿಸಿತು. ಮುಂಗಾರಿನಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ, ಗುಡ್ಡ ಹತ್ತಿದರೆ ಸಿಗ್ನಲ್ ಸಿಗುವ ಊರಿನಲ್ಲಿ ಇದು ನಡೆಯದೆಂದು ತಿಳಿಯಲು ಸಂಶೋಧನೆ ಬೇಕಿರಲಿಲ್ಲ. ಅಲ್ಲಿಯ ಒಬ್ಬ ಟೀಚರನ್ನು ಕೇಳಿದ್ದರೆ ಸಾಕಿತ್ತು.

ಕೇಳಿದ ಕಡೆ ಬೇರೆಯದೇ ಆಯಿತು ಎಂಬುದಕ್ಕೆ ಹಿಂದಿನ ವರ್ಷದ ವಿದ್ಯಾಗಮ ಯೋಜನೆ ಇದೆ. 2020ರ ಆಗಸ್ಟಿನಲ್ಲಿ ಸರಕಾರಿ ಶಾಲೆಗಳ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು: ಅಂಗಳಕ್ಕೆ, ದೇವಸ್ಥಾನದ ಜಗಲಿಗೆ, ಮರದ ಬುಡಕ್ಕೆ. ಮಕ್ಕಳನ್ನು ಗುಂಪು ಮಾಡಿದ್ದು ಮನೆಯಲ್ಲಿ ಯಾವ ಸಾಧನವಿದೆ ಎಂಬುದರ ಮೇಲೆ. ಸ್ಮಾರ್ಟ್‌ಫೋನ್ ಇದ್ದವರಿಗೆ ಒಂದು ರೀತಿ, ಸಾದಾ ಫೋನು ಮಾತ್ರ ಇದ್ದವರಿಗೆ ಇನ್ನೊಂದು, ಏನೂ ಇಲ್ಲದವರಿಗೆ ಮುಖಾಮುಖಿ. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಭಯ ನಿಜವಾದದ್ದು, ನಿಲ್ಲಿಸಿದ್ದನ್ನು ಆಕ್ಷೇಪಿಸಲಾರೆ. ಆದರೆ ಬಳಕೆದಾರರನ್ನು ವಯಸ್ಸು, ಅಂಕ, ಜಾತಿ ಬಿಟ್ಟು ಅವರ ಕೈಯಲ್ಲಿ ಏನಿದೆ ಎಂಬುದರಿಂದ ವಿಂಗಡಿಸಿದ ಆ ತೀರ್ಮಾನ, ನಾನು ಕಂಪನಿಗಳಲ್ಲಿ ನೋಡಿದ ಅನೇಕ ಪರ್ಸೋನಾಗಳಿಗಿಂತ, ಅಂದರೆ ಬಳಕೆದಾರರ ಕಲ್ಪಿತ ಮಾದರಿಗಳಿಗಿಂತ, ಪ್ರಾಮಾಣಿಕವಾಗಿತ್ತು. ಪರ್ಸೋನಾದ ಹಾಳೆಯಲ್ಲಿ ನಗುವ ಫೋಟೊ ಇರುತ್ತದೆ, ಹವ್ಯಾಸ ಇರುತ್ತದೆ. ಫೋನು ಮನೆಯಲ್ಲಿ ಎಷ್ಟು ಜನರ ಕೈ ತಿರುಗುತ್ತದೆ ಎಂಬುದು ಇರುವುದಿಲ್ಲ.

ಭಾಷೆಯ ವಿಷಯದಲ್ಲೂ ಇದೇ. ಸುಳ್ಯ, ಕಡಬ, ಪುತ್ತೂರಿನ ಯಾವುದಾದರೂ ಶಾಲೆಯ ಒಂದನೆಯ ತರಗತಿಗೆ ಹೋಗಿ ನಿಂತರೆ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ರಬ್ಬರ್ ತೋಟಗಳ ಕಡೆ ಶ್ರೀಲಂಕಾದಿಂದ ಬಂದು ನೆಲೆಸಿದ ಕುಟುಂಬಗಳ ತಮಿಳೂ ಇದೆ. ಪುಸ್ತಕದ ಕನ್ನಡ ಈ ಮಕ್ಕಳಲ್ಲಿ ಅನೇಕರಿಗೆ ಮನೆಯ ಮಾತಲ್ಲ. ಆ್ಯಪನ್ನು ‘ಕನ್ನಡಕ್ಕೆ ತಂದಿದ್ದೇವೆ’ ಎಂದು ಕಂಪನಿ ಹೇಳುವಾಗ ಮುಗಿದ ಕೆಲಸವೆಂದು ಹೇಳುತ್ತದೆ. ಇಲ್ಲಿ ಪಾಠ ಮಾಡಿದವರಿಗೆ ಕೆಲಸ ಅಲ್ಲಿಂದ ಶುರುವಾಗುತ್ತದೆ ಎಂದು ಗೊತ್ತು. ಸುಬ್ರಹ್ಮಣ್ಯ ಕ್ಷೇತ್ರದ ಸೇವಾ ಕೌಂಟರುಗಳ ಎದುರಿನ ಸಾಲಿನಲ್ಲೂ ಇದನ್ನು ನೋಡಬಹುದು. ಆಶ್ಲೇಷಾ ಬಲಿ ಸೇವೆಗೆ ರಸೀದಿ ಮಾಡಿಸಲು ಬಂದವರಿಗೆ ತಮ್ಮ ನಕ್ಷತ್ರವೇ ಗೊತ್ತಿರುವುದಿಲ್ಲ, ಭಾಷೆಯೂ ಬೇರೆ. ಪಳಗಿದ ಗುಮಾಸ್ತರು ಅಲ್ಲಿ ತಡೆಯುವುದಿಲ್ಲ. ಹೆಸರು ಕೇಳುತ್ತಾರೆ, ಹೆಸರಿನ ಮೊದಲ ಅಕ್ಷರದಿಂದ ನಾಮನಕ್ಷತ್ರ ಹಿಡಿಯುತ್ತಾರೆ, ಸಾಲು ಮುಂದೆ ಸರಿಯುತ್ತದೆ. ಉತ್ತರ ಗೊತ್ತಿಲ್ಲದವರು ಬರುತ್ತಾರೆ ಎಂದು ಮೊದಲೇ ಎಣಿಸಿ ದಾರಿ ಇಟ್ಟಿರುವುದು ದೊಡ್ಡ ವಿದ್ಯೆ. ಕೆಂಪು ನಕ್ಷತ್ರ ಚಿಹ್ನೆ ಹಾಕಿ ‘ಕಡ್ಡಾಯ’ ಎಂದು ನಿಲ್ಲಿಸುವ ಫಾರಂಗಳಿಗೆ ಅದು ಬಂದಿಲ್ಲ.

ಇನ್ನು ಈ ವೃತ್ತಿಯ ಒಂದು ದೊಡ್ಡ ನಂಬಿಕೆಗೆ ಬರುತ್ತೇನೆ. ಸ್ಟೀವ್ ಕ್ರುಗ್ 2000ದಲ್ಲಿ ಬರೆದ ‘ಡೋಂಟ್ ಮೇಕ್ ಮಿ ಥಿಂಕ್’ ಈ ಕ್ಷೇತ್ರಕ್ಕೆ ಬಂದವರೆಲ್ಲ ಓದುವ ಪುಸ್ತಕ. ಬಳಕೆದಾರರನ್ನು ಯೋಚಿಸುವಂತೆ ಮಾಡಬೇಡ ಎಂಬ ಅದರ ತಲೆಬರಹವೇ ಒಂದು ಧರ್ಮಸೂತ್ರದಂತೆ ಚಲಾವಣೆಯಲ್ಲಿದೆ. ವೆಬ್‌ಸೈಟಿನ ಮೆನು ಹುಡುಕಲು ತಲೆ ಕೆಡಿಸಿಕೊಳ್ಳಬಾರದು ಎಂಬ ಮಟ್ಟಿಗೆ ಅದು ನಿಜ. ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಟಿಕೆಟ್ ಮಾಡಿಸುವವರು ಆ ಹೊತ್ತಿನಲ್ಲಿ ಏನನ್ನೂ ಕಲಿಯಬೇಕಿಲ್ಲ. ಟಿಕೆಟ್ ಸಿಕ್ಕರೆ ಆಯಿತು. ತರಗತಿಯಲ್ಲಿ ಇದು ತಿರುಗುಮುರುಗು: ಮಗು ಯೋಚಿಸುವುದಕ್ಕೇ ಎಲ್ಲ ಏರ್ಪಾಡು. ಎರಡೂ ಒಂದೇ ಕೆಲಸ ಎನ್ನುವವರು ಈ ವೈರುಧ್ಯವನ್ನು ದಾಟಿಕೊಂಡು ಹೋಗುತ್ತಾರೆ. ನನಗೆ ಅದು ದಾಟಬೇಕಾದ ಅಡ್ಡಿಯಾಗಿ ಕಾಣುವುದಿಲ್ಲ, ಶಿಕ್ಷಕರು ಈ ವೃತ್ತಿಗೆ ಕೊಡಬಹುದಾದ ತಿದ್ದುಪಡಿ ಅಲ್ಲಿಯೇ ಇದೆ. ಎಲ್ಲಿ ಸಲೀಸು ಮಾಡಬೇಕು, ಎಲ್ಲಿ ತಡೆದು ನಿಲ್ಲಿಸಿ ಕೇಳಬೇಕು ಎಂದು ವಿಂಗಡಿಸುವುದು ಅವರ ಡ್ಯೂಟಿ.

ಯುಪಿಐಯನ್ನೇ ನೋಡಿ. 2016ರಲ್ಲಿ ಬಂದ ಈ ವ್ಯವಸ್ಥೆಯ ಸಲೀಸುತನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ರಥಬೀದಿಯ ಹಣ್ಣುಕಾಯಿ ಅಂಗಡಿಯಿಂದ ತಾಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯವರೆಗೆ ಅದು ನಡೆಯುತ್ತದೆ. ಆದರೆ ಅದೇ ಸಲೀಸುತನದ ಒಳಗೆ ಒಂದು ಮೋಸ ವರ್ಷಗಟ್ಟಲೆ ನಡೆಯಿತು. ಅಡಿಕೆಗೆ ಔಷಧಿ ಹೊಡೆಯುವ ಹಳೆಯ ಪಂಪನ್ನು ಮಾರಲು ಹೊರಟ ಕೃಷಿಕರಿಗೆ ಅಪರಿಚಿತನೊಬ್ಬ ಫೋನು ಮಾಡುತ್ತಾನೆ: ಹಣ ಕಳಿಸುತ್ತಿದ್ದೇನೆ, ಬಂದ ಮೆಸೇಜು ಒತ್ತಿ ಪಿನ್ ಹಾಕಿ. ಬಂದದ್ದು ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟ್. ಪಿನ್ ಹಾಕಿದ ಕೂಡಲೇ ಖಾತೆಯಿಂದ ಹಣ ಹೋಗುತ್ತದೆ. ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಡ ಎಂಬ ಒಂದೇ ಒಂದು ಸಂಗತಿ ತಿಳಿದಿದ್ದರೆ ಈ ಮೋಸ ನಡೆಯುವುದಿಲ್ಲ. ಅದೇ ಬಣ್ಣದ, ಅದೇ ಜಾಗದ ಬಟನನ್ನು ಒತ್ತಿ ಒತ್ತಿ ರೂಢಿಯಾದವರಿಗೆ ಆ ಸಂಗತಿಯನ್ನು ಕಲಿಸುವ ಜಾಗ ತೆರೆಯ ಮೇಲೆ ಇರಲಿಲ್ಲ. ಎಚ್ಚರಿಕೆಯ ಸಾಲುಗಳಿದ್ದವು; ಯೋಚಿಸದೆ ಒತ್ತುವುದನ್ನೇ ಅಭ್ಯಾಸ ಮಾಡಿಸಿದ ಮೇಲೆ ಎಚ್ಚರಿಕೆಯನ್ನು ಯಾರು ಓದುತ್ತಾರೆ? ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಈ ಕಲೆಕ್ಟ್ ರಿಕ್ವೆಸ್ಟನ್ನೇ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಸರಿಯಾದ ಕ್ರಮ, ತಡವಾದ ಕ್ರಮ. ಒಳ್ಳೆಯ ಗಣಿತದ ಮಾಷ್ಟ್ರೊಬ್ಬರು ಆ ತಂಡದಲ್ಲಿದ್ದಿದ್ದರೆ ಮೊದಲ ವಾರವೇ ಕೇಳುತ್ತಿದ್ದ ಪ್ರಶ್ನೆ ಇದು: ಇದನ್ನು ಒತ್ತಿದರೆ ಹಣ ಯಾವ ಕಡೆಗೆ ಹೋಗುತ್ತದೆ ಎಂದು ಇವರು ತಮ್ಮ ಮಾತಿನಲ್ಲಿ ಹೇಳಬಲ್ಲರೇ? ‘ಅರ್ಥ ಆಯ್ತಾ’ ಎಂದು ಕೇಳುವುದಕ್ಕೂ ಇದಕ್ಕೂ ಇರುವ ದೂರವೇ ಸಾಧಾರಣ ಶಿಕ್ಷಕರಿಗೂ ಒಳ್ಳೆಯ ಶಿಕ್ಷಕರಿಗೂ ಇರುವ ದೂರ.

ಇದಕ್ಕೆ ಒಂದು ಎದುರುವಾದವಿದೆ, ಬಲವಾದದ್ದೇ. ಕಂಪನಿ ಸಂಬಳ ಕೊಡುವುದು ಜನರಿಗೆ ತಿಳಿವಳಿಕೆ ಕೊಡಲಿಕ್ಕಲ್ಲ. ತಡೆದು ನಿಲ್ಲಿಸುವ ಪ್ರತಿ ಹೆಜ್ಜೆಯಲ್ಲೂ ಒಂದಷ್ಟು ಗಿರಾಕಿಗಳು ಉದುರಿಹೋಗುತ್ತಾರೆ. ಮಾಷ್ಟ್ರತನ ಮಾಡಿದರೆ ಕೆಲಸ ಉಳಿಯುವುದಿಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉದುರದಂತೆ ಹಿಡಿದಿಡುವ ಉತ್ಸಾಹ ಎಲ್ಲಿಗೆ ಹೋಗಿ ಮುಟ್ಟಿತೆಂದರೆ, 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್‌ಗಳನ್ನು ತಡೆಯಲು ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಹದಿಮೂರು ಬಗೆಯ ಮೋಸದ ವಿನ್ಯಾಸಗಳ ಪಟ್ಟಿ ಅದರಲ್ಲಿದೆ: ಸುಳ್ಳು ಅವಸರ ಹುಟ್ಟಿಸುವುದು, ಬುಟ್ಟಿಗೆ ತಾನಾಗಿ ವಸ್ತು ಸೇರಿಸುವುದು, ಚಂದಾದಿಂದ ಹೊರಬರದಂತೆ ಸಿಕ್ಕಿಸುವುದು, ಹೀಗೆ. ಇವನ್ನು ಕಟ್ಟಿದವರೂ ಎಂಪಥಿಯ ಪಾಠ ಕಲಿತವರೇ. ಎದುರಿನವರ ಮನಸ್ಸು ಚೆನ್ನಾಗಿ ತಿಳಿಯದೆ ಇಂಥವನ್ನು ಕಟ್ಟಲಾಗುವುದಿಲ್ಲ. ಎಂಪಥಿಯನ್ನು ಶಿಕ್ಷಕರ ಮುಖ್ಯ ಕೊಡುಗೆ ಎಂದು ಒಪ್ಪಲು ನಾನು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ: ಅದು ಸಾಧನ, ಯಾವ ಕೈಗೂ ಒಗ್ಗುತ್ತದೆ.

ಶಿಕ್ಷಕರು ಯಾಕೆ ಹೊರಡುತ್ತಾರೆ ಎಂಬುದನ್ನೂ ಈ ಕಥೆಗಳು ನೇರವಾಗಿ ಹೇಳುವುದಿಲ್ಲ. ಹೊಸ ಸವಾಲು, ಸೃಜನಶೀಲತೆ, ಕನಸು ಎಂಬ ಮಾತುಗಳು ಬರುತ್ತವೆ. 2025-26ರ ಬಜೆಟ್ಟಿನಲ್ಲಿ ₹2,000 ಹೆಚ್ಚಿಸಿದ ಮೇಲೂ ಸರಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ ₹12,000ದ ಆಸುಪಾಸಿನಲ್ಲೇ ಇತ್ತು, ರಜೆಯ ತಿಂಗಳುಗಳಲ್ಲಿ ಅದೂ ಇರಲಿಲ್ಲ. ಬಿ.ಎಡ್. ಮುಗಿಸಿ, ಟಿಇಟಿ ಬರೆದು, ನೇಮಕಾತಿಗೆ ಕಾಯುತ್ತ ಕೂತವರು ಬೇರೆ ಕೆಲಸ ಹುಡುಕಿದರೆ ಅದಕ್ಕೆ ಸೃಜನಶೀಲತೆಯ ಸಬೂಬು ಬೇಕಾಗಿಲ್ಲ. ಹೊಟ್ಟೆಪಾಡಿಗಾಗಿ ಹೋದೆ ಎಂದು ತಲೆಯೆತ್ತಿ ಹೇಳಬಹುದು. ಹಾಗೆ ಹೇಳಿದರೆ ಒಂದು ಲಾಭವಿದೆ: ಶಾಲೆಯಲ್ಲಿ ಕಳೆದ ವರ್ಷಗಳನ್ನು ತಪ್ಪಿಸಿಕೊಂಡು ಬಂದ ಜಾಗದಂತೆ ಕಾಣುವುದು ನಿಲ್ಲುತ್ತದೆ.

ಯಾಕೆಂದರೆ ನನ್ನ ಮೇಜಿಗೆ ಬರುವ ಪೋರ್ಟ್‌ಫೋಲಿಯೊಗಳಲ್ಲಿ ಆ ವರ್ಷಗಳು ಒಂದು ಸಾಲಿಗೆ ಕುಗ್ಗಿರುತ್ತವೆ. ಉಳಿದ ಪುಟಗಳೆಲ್ಲ ಕೋರ್ಸಿನಲ್ಲಿ ಮಾಡಿದ ಅಭ್ಯಾಸಗಳು: ಊಟ ತರಿಸುವ ಆ್ಯಪಿನ ಮರುವಿನ್ಯಾಸ, ಗಿಡಗಳಿಗೆ ನೀರು ಹಾಕಲು ನೆನಪಿಸುವ ಆ್ಯಪು, ಹಳದಿ ಚೀಟಿಗಳ ಫೋಟೊ. ಹತ್ತು ವರ್ಷ ಪಾಠ ಮಾಡಿದವರದೂ ನಿನ್ನೆ ಕಾಲೇಜು ಮುಗಿಸಿದವರದೂ ಗುರುತು ಹಿಡಿಯಲಾಗದಷ್ಟು ಒಂದೇ. ಹೀಗಾಗಿ ಶಿಕ್ಷಕರಾಗಿದ್ದವರನ್ನು ಸಂದರ್ಶನಕ್ಕೆ ಕರೆಯುವಾಗ ನಾನು ಕೇಳುವುದು ಬೇರೆ: ಹೆಸರು ತೆಗೆದುಹಾಕಿ ಒಂದು ಕಟ್ಟು ಉತ್ತರಪತ್ರಿಕೆ ತನ್ನಿ, ಒಂದು ಪ್ರಶ್ನೆಗೆ ಬಂದ ತಪ್ಪು ಉತ್ತರಗಳನ್ನು ವಿಂಗಡಿಸಿ ತೋರಿಸಿ, ಅದರಲ್ಲಿ ಎಷ್ಟು ಮಕ್ಕಳ ತಪ್ಪು, ಎಷ್ಟು ಪ್ರಶ್ನೆಯ ತಪ್ಪು, ಎಷ್ಟು ನಿಮ್ಮ ಪಾಠದ ತಪ್ಪು ಎಂದು ಹೇಳಿ. ಸುಳ್ಯದ ಕಡೆಯ ಟೀಚರೊಬ್ಬರು ಹಾಗೆ ತಂದ ಕಟ್ಟಿನಲ್ಲಿ, ವಿಜ್ಞಾನದ ಒಂದು ಪ್ರಶ್ನೆಗೆ ತಪ್ಪು ಬರೆದವರೆಲ್ಲ ಚಿತ್ರದ ಬಾಣದ ಗುರುತನ್ನು ಉಲ್ಟಾ ಓದಿದ್ದರು. ನೀರು ಹೋಗುವ ದಿಕ್ಕು ಎಂದು ಪುಸ್ತಕ ಹೇಳಿದ್ದನ್ನು ಮಕ್ಕಳು ‘ಇದನ್ನು ನೋಡು’ ಎಂದು ತೋರಿಸುವ ಬಾಣವೆಂದು ತಿಳಿದಿದ್ದರು. ಆ ಟೀಚರು ಮರುವರ್ಷ ಬಾಣಕ್ಕೆ ಬದಲು ಚಿತ್ರದಲ್ಲಿ ನೀರಿನ ಹನಿಗಳನ್ನು ಸಾಲಾಗಿ ಬರೆದು ಪಾಠ ಮಾಡಿದ್ದರಂತೆ. ನೋಡಿದ್ದು, ಊಹಿಸಿದ್ದು, ತಿದ್ದಿದ್ದು, ಮತ್ತೆ ನೋಡಿದ್ದು ಎಲ್ಲ ಆ ಕಟ್ಟಿನಲ್ಲಿತ್ತು. ಅವರ ಪೋರ್ಟ್‌ಫೋಲಿಯೊದಲ್ಲಿ ಅದರ ಸುಳಿವಿರಲಿಲ್ಲ, ಅದನ್ನು ಹಾಕಬಹುದೆಂದು ಕೋರ್ಸಿನಲ್ಲಿ ಯಾರೂ ಹೇಳಿರಲಿಲ್ಲ.

ಕೊನೆಯದಾಗಿ ನನ್ನ ಬೇಡಿಕೆ ಶಿಕ್ಷಣ ಇಲಾಖೆಯ ಎದುರಿಗೂ ಇದೆ. ಶಿಕ್ಷಕರು ಇಂದು ರಾಜ್ಯದಲ್ಲಿ ಸರಕಾರಿ ತಂತ್ರಾಂಶಗಳ ಅತಿ ದೊಡ್ಡ ಬಳಕೆದಾರರಲ್ಲಿ ಸೇರಿದ್ದಾರೆ: ವಿದ್ಯಾರ್ಥಿಗಳ ದಾಖಲೆಯ ಸ್ಯಾಟ್ಸ್, ಶಾಲೆಯ ಅಂಕಿಅಂಶಗಳ ಯು-ಡೈಸ್, ಬಿಸಿಯೂಟದ ಲೆಕ್ಕ, ಪಠ್ಯಪುಸ್ತಕದ ಕ್ಯೂಆರ್ ಕೋಡು. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ 60 ಪ್ರಶ್ನೆಗಳ ಆ್ಯಪು ಹಿಡಿದು ಮನೆಮನೆಗೆ ಹೋದವರೂ ಅವರೇ. ಸಮೀಕ್ಷೆ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸರ್ವರು, ನೆಟ್‌ವರ್ಕು, ಮನೆ ಹುಡುಕುವ ತೊಡಕು ಎಲ್ಲವನ್ನೂ ಮೊದಲು ಕಂಡವರು ಅವರು. ಇಂಥ ತಂತ್ರಾಂಶ ಕಟ್ಟುವ ತಂಡಕ್ಕೆ ಎರವಲು ಸೇವೆಯ ಮೇಲೆ ಶಿಕ್ಷಕರನ್ನು ಕಳಿಸಬಹುದು. ಬ್ಲಾಕ್, ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳ (ಬಿಆರ್‌ಪಿ, ಸಿಆರ್‌ಪಿ) ಹುದ್ದೆಗಳಿಗೆ ಕಳಿಸುವ ಪದ್ಧತಿ ಈಗಲೂ ಇದೆ. ಎರಡು ವರ್ಷ ಅಲ್ಲಿ ಕೆಲಸ ಮಾಡಿ ತರಗತಿಗೆ ಮರಳಲಿ, ಬೇರೊಬ್ಬರು ಹೋಗಲಿ. ಇರುವ ಶಿಕ್ಷಕರೇ ಸಾಲದಿರುವಾಗ ಅವರನ್ನು ಬೆಂಗಳೂರಿಗೆ ಕಳಿಸುವುದೇ ಎಂದು ಕೇಳುವವರಿದ್ದಾರೆ. ಕೊರತೆ ಇರುವುದು ನಿಜ. ಆದರೆ ಒಂದೊಂದು ಕೆಟ್ಟ ಫಾರಂ ರಾಜ್ಯದ ಪ್ರತಿ ಶಾಲೆಯಲ್ಲೂ ಪ್ರತಿ ದಿನ ಶಿಕ್ಷಕರ ಅರ್ಧ ಗಂಟೆ ತಿನ್ನುತ್ತಿದ್ದರೆ, ಆ ಕೊರತೆಯ ಲೆಕ್ಕಕ್ಕೆ ಅದನ್ನೂ ಸೇರಿಸಬೇಕಲ್ಲವೇ? ಐವತ್ತು ಶಿಕ್ಷಕರು ಎರಡು ವರ್ಷ ಕೂತು ಆ ಫಾರಂಗಳನ್ನು ತಿದ್ದಿದರೆ ತರಗತಿಗೆ ಮರಳುವ ಗಂಟೆಗಳು ಅವರು ಬಿಟ್ಟುಹೋದ ಗಂಟೆಗಳಿಗಿಂತ ಬಹಳ ಹೆಚ್ಚು.